ಡಚ್ ಎಚ್ಚಿಂಗ್‌ನಲ್ಲಿ ದೋಣಿಗಳನ್ನು ನೋಡುವ ಕ್ರಮ

ದೃಶ್ಯಕಲೆಯ ಕಾಲೇಜಿರುವ ದಾವಣಗೆರೆಯಲ್ಲಿ ಚಿತ್ರಾಸಕ್ತರಿಗೆ ಕೊರತೆಯಿಲ್ಲ. ಆದರೂ 17ನೆಯ ಶತಮಾನದ ಡಚ್ ಎಚ್ಚಿಂಗ್, ಅಂದರೆ ಆಮ್ಲದಿಂದ ಗೆರೆ ಕೊರೆದ ಲೋಹದ ಫಲಕದಿಂದ ತೆಗೆದ ಅಚ್ಚುಚಿತ್ರ, ಎದುರಾದಾಗ ಹೆಚ್ಚಿನವರು ದೋಣಿಯನ್ನು ಗುರುತಿಸಿ ಮುಂದೆ ಹೋಗಿಬಿಡುತ್ತಾರೆ. ಇಂಥ ಚಿತ್ರದ ಸೊಗಸೆಲ್ಲ ಗೆರೆಯಲ್ಲಿದೆ. ಆದ್ದರಿಂದ ದೋಣಿಯನ್ನು ಸ್ವಲ್ಪ ಹೊತ್ತು ಮರೆಯುವುದೇ ಮೇಲು.

ಅಭ್ಯಾಸಕ್ಕೆ ಆ ಕಾಲದ ಡಚ್ ಕಲಾವಿದ ರೈನಿಯರ್ ನೋಮ್ಸ್ ಅವರ ಹಡಗಿನ ಚಿತ್ರಗಳು ತುಂಬ ಒಳ್ಳೆಯವು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ ತನ್ನ ಜಾಲತಾಣದಲ್ಲಿ ಇಂಥ ಹಳೆಯ ಅಚ್ಚುಚಿತ್ರಗಳನ್ನು ಉಚಿತವಾಗಿ ಒದಗಿಸಿದ್ದು, ಮೊಬೈಲಿನಲ್ಲಿಯೂ ಹಿಗ್ಗಿಸಿ ನೋಡಬಹುದು.

ಮೊದಲು ತಯಾರಿಕೆಯ ವಿಧಾನವನ್ನು ತಿಳಿದಿರಬೇಕು. ತಾಮ್ರದ ಫಲಕಕ್ಕೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಲೇಪವನ್ನಷ್ಟೇ ಗೀರಿ, ಫಲಕವನ್ನು ಆಮ್ಲಕ್ಕೆ ಒಡ್ಡುತ್ತಾರೆ; ಗೀರಿದಲ್ಲಿ ಆಮ್ಲ ತಿಂದು ಆದ ಗೆರೆಗಳಿಗೆ ಶಾಯಿ ತುಂಬಿ ಕಾಗದಕ್ಕೆ ಅಚ್ಚೊತ್ತುತ್ತಾರೆ. ಸೂಜಿಗೆ ಲೋಹದ ತಡೆಯಿಲ್ಲದ್ದರಿಂದ ಗೆರೆ ಲೇಖನಿಯಷ್ಟೇ ಸರಾಗವಾಗಿ ಓಡುತ್ತದೆ. ಹೆಚ್ಚು ಹೊತ್ತು ಆಮ್ಲ ತಿಂದ ಗೆರೆ ಆಳವಾಗಿ, ಹೆಚ್ಚು ಶಾಯಿ ಹಿಡಿದು, ಕಪ್ಪಾಗಿ ಮೂಡುತ್ತದೆ. ದೂರದ ಹಡಗು ತೆಳುವಾಗಿ ಕಾಣಬೇಕಾದರೆ ಕಲಾವಿದ ಆ ಭಾಗಕ್ಕೆ ಬೇಗನೆ ವಾರ್ನಿಷ್ ಬಳಿದು ಆಮ್ಲದಿಂದ ಕಾಪಾಡಬಹುದು. ಹೀಗೆ ಹತ್ತಿರ ಮತ್ತು ದೂರವೆಂಬ ಭೇದವನ್ನು ಕೈ ಮಾತ್ರವಲ್ಲ, ಆಮ್ಲದಲ್ಲಿ ಕಳೆದ ಸಮಯವೂ ಚಿತ್ರಿಸುತ್ತದೆ. ಈ ಕಲೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ.

ಈಗ ಹಡಗಿನ ಒಡಲನ್ನು ಹಿಗ್ಗಿಸಿ ನೋಡಿ. ಹಲಗೆಗಳು ಬಾಗಿದ ದಿಕ್ಕಿನಲ್ಲಿಯೇ ಗೆರೆಗಳೂ ಬಾಗುತ್ತವೆ. ನೆರಳು ಬಿದ್ದ ಕಡೆ ಅವುಗಳ ಮೇಲೆ ಅಡ್ಡಗೆರೆಗಳು ಹಾಯುತ್ತವೆ. ಹಾಯಿಬಟ್ಟೆಯಲ್ಲಿ ಗೆರೆ ವಿರಳವಾಗಿ, ಉಬ್ಬಿದ ಭಾಗದಲ್ಲಿ ಬರಿಯ ಕಾಗದವೇ ಬಿಸಿಲಾಗಿ ಉಳಿಯುತ್ತದೆ. ನೀರು ನಮ್ಮ ಕೌದಿಯ ಹೊಲಿಗೆಯಂತೆ ಬಿಟ್ಟು ಬಿಟ್ಟು ಹಾಕಿದ ಅಡ್ಡ ಗೀಟುಗಳಿಂದ ಆಗಿದೆ: ಒಡಲ ಬುಡದಲ್ಲಿ ಒತ್ತಾಗಿ, ದೂರ ಸರಿದಂತೆ ತೆಳುವಾಗಿ. ಒಂದು ಗೀಟಿಗೂ ಇನ್ನೊಂದಕ್ಕೂ ನಡುವಿನ ತೆರಪನ್ನು ಗಮನಿಸದೆ ನೀರಿನ ಹೊಳಪು ಅರ್ಥವಾಗುವುದಿಲ್ಲ.

ಸಾಧ್ಯವಾದರೆ ಸೂಳೆಕೆರೆಯ ದಂಡೆಯಲ್ಲಿ ಕುಳಿತು, ಅಂಗೈಯಗಲದ ನೀರನ್ನು ಪೆನ್ನಿನ ಗೆರೆಗಳಿಂದಷ್ಟೇ, ಉಜ್ಜದೆ, ಬರೆದು ನೋಡಿ. ಎಲ್ಲಿ ಗೆರೆ ಹಾಕಬಾರದೆಂಬುದು ಆಗ ಕೈಗೇ ಗೊತ್ತಾಗುತ್ತದೆ.

ಆನಂತರ ಅದೇ ಕಾಲದ ಡಚ್ ಕಲಾವಿದ ರೆಂಬ್ರಾಂಟ್ 1643ರಲ್ಲಿ ಮಾಡಿದ ‘ಮೂರು ಮರಗಳು’ ಚಿತ್ರದತ್ತ ಹೋಗಬಹುದು. ಅದರ ಎಡಮೂಲೆಯ ಮಳೆಯನ್ನು ಓರೆಯಾದ ನೇರ ಗೆರೆಗಳಿಂದಲೇ ಮಾಡಲಾಗಿದ್ದು, ಮರಗಳ ಚಡಪಡಿಸುವ ಗೆರೆಗಳ ಪಕ್ಕದಲ್ಲಿ ಅವುಗಳ ಬಿಗಿ ಎಷ್ಟು ಭಿನ್ನವೆಂಬುದನ್ನು ನಿಧಾನವಾಗಿ ಹೋಲಿಸಿ ನೋಡಬೇಕು.