ಒಂದು ಸೆಲ್ಲು, ಎರಡು ಪಿನ್ನು: ಮನೆಯಲ್ಲೇ ಮೋಟಾರ್ ಮಾಡಿ ನೋಡಿ

ಮಿಕ್ಸಿ, ಫ್ಯಾನು, ನೀರಿನ ಪಂಪು, ಮಕ್ಕಳ ಆಟದ ಕಾರು. ಕರೆಂಟಿನಿಂದ ತಿರುಗುವ ಯಾವುದನ್ನೇ ಬಿಚ್ಚಿದರೂ ಒಳಗೆ ತಾಮ್ರದ ತಂತಿಯ ಸುರುಳಿ ಇದ್ದೇ ಇರುತ್ತದೆ. ಆ ಸುರುಳಿ ಯಾಕೆ ತಿರುಗುತ್ತದೆ ಅನ್ನುವುದು ಪುಸ್ತಕದ ಚಿತ್ರ ನೋಡಿದರೆ ಅಷ್ಟು ಸುಲಭಕ್ಕೆ ತಲೆಗೆ ಹೋಗುವುದಿಲ್ಲ. ಕೈಯಾರೆ ಒಂದು ಮಾಡಿದರೆ ಒಂದೇ ಸಂಜೆಯಲ್ಲಿ ಅರ್ಥವಾಗುತ್ತದೆ. ಖರ್ಚೂ ಜಾಸ್ತಿ ಇಲ್ಲ.

ಬೇಕಾಗುವ ಸಾಮಾನು ಇಷ್ಟು: ಟಾರ್ಚಿಗೆ ಹಾಕುವ ದಪ್ಪ ಸೆಲ್ ಒಂದು, ದೊಡ್ಡ ಸೇಫ್ಟಿ ಪಿನ್ ಎರಡು, ಒಂದು ಕಬ್ಬಿಣದ ಮೊಳೆ, ಒಂದಷ್ಟು ಗುಂಡುಪಿನ್ನು, ಇನ್ಸುಲೇಶನ್ ಟೇಪ್, ಚೂರು ಉಪ್ಪುಕಾಗದ. ಜೊತೆಗೆ ಎನಾಮಲ್ (ಕರೆಂಟ್ ದಾಟದ ತೆಳು ಲೇಪ) ಬಳಿದ ತಾಮ್ರದ ತಂತಿ ನಾಲ್ಕು ಮೀಟರ್. 24 ಅಥವಾ 26 ಗೇಜ್ ಆದರೆ ಸರಿ. ಮೋಟಾರ್ ರಿವೈಂಡಿಂಗ್ ಮಾಡುವ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅಯಸ್ಕಾಂತಕ್ಕೆ ಹಳೆಯ ಸ್ಪೀಕರ್ ಹುಡುಕಿ. ಅದರ ಹಿಂದಿನ ಕಪ್ಪು ಉಂಗುರವೇ ಸಾಕು. ಉಂಗುರ ತೀರಾ ದೊಡ್ಡದಿದ್ದರೆ ಸೆಲ್ ಮೇಲೆ ನಿಲ್ಲುವುದಿಲ್ಲ, ಚಿಕ್ಕದನ್ನು ಆರಿಸಿಕೊಳ್ಳಿ.

ಶುರು ಮಾಡುವ ಮೊದಲು ಎರಡು ಮಾತು. ಗೋಡೆಯ ಪ್ಲಗ್ಗಿನ ಕರೆಂಟನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್ ಕೂಡ ಬೇಡ, ಇಂಥ ತಂತಿ ಜೋಡಿಸಿದರೆ ಅವು ಹೊತ್ತಿಕೊಳ್ಳಬಹುದು. 1.5 ವೋಲ್ಟಿನ ಸಾದಾ ಸೆಲ್ ಸಾಕು. ಮತ್ತೆ, ಈಗ ಆನ್‌ಲೈನ್‌ನಲ್ಲಿ ಸಿಗುವ ಪುಟಾಣಿ ನಿಯೋಡಿಮಿಯಮ್ ಅಯಸ್ಕಾಂತಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಎರಡು ನುಂಗಿದರೆ ಕರುಳನ್ನು ಮಧ್ಯೆ ಹಿಡಿದುಕೊಂಡು ಒಂದಕ್ಕೊಂದು ಅಂಟುತ್ತವೆ. ಅದು ಜೀವಕ್ಕೇ ಅಪಾಯ.

ಮೊದಲು ಮೊಳೆಯನ್ನು ಅಯಸ್ಕಾಂತ ಮಾಡಿ

ತಂತಿಯ ಎರಡೂ ತುದಿಗಳನ್ನು ಒಂದೊಂದು ಗೇಣು ಬಿಟ್ಟು, ಉಳಿದದ್ದರಲ್ಲಿ ಮೊಳೆಯ ಸುತ್ತ ಐವತ್ತರಿಂದ ನೂರು ಸುತ್ತು ಸುತ್ತಿ. ಒಂದೇ ದಿಕ್ಕಿಗೆ ಸುತ್ತಬೇಕು. ಒಂದು ಪದರ ಮುಗಿದ ಮೇಲೆ ಅದರ ಮೇಲೇ ವಾಪಸ್ ಬರಬಹುದು, ಆದರೆ ಸುತ್ತುವ ದಿಕ್ಕು ಬದಲಾಗಬಾರದು. ತುದಿಗಳ ಎನಾಮಲ್ಲನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. ಅದು ಬಣ್ಣವಿಲ್ಲದ ಮೆರುಗಿನಂತೆ ಕಾಣುವುದರಿಂದ ಇಲ್ಲವೇ ಇಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ತಾಮ್ರ ಹೊಳೆಯುವ ತನಕ ಉಜ್ಜಲೇಬೇಕು.

ತುದಿಗಳನ್ನು ಸೆಲ್ಲಿನ ಎರಡು ಕಡೆಗೆ ಒತ್ತಿ ಹಿಡಿದು ಮೊಳೆಯನ್ನು ಗುಂಡುಪಿನ್ನುಗಳ ಹತ್ತಿರ ತನ್ನಿ. ಪಿನ್ನುಗಳು ಜೋತುಬೀಳುತ್ತವೆ. ತಂತಿ ಬಿಟ್ಟರೆ ಉದುರುತ್ತವೆ. ಐದಾರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ತಂತಿ ಬೇಗ ಬಿಸಿಯಾಗುತ್ತದೆ, ಸೆಲ್ಲೂ ಖಾಲಿಯಾಗುತ್ತದೆ.

ಇಲ್ಲಿ ಆಗಿದ್ದೇನು? ಕರೆಂಟ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. 1820ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಇದನ್ನು ಮೊದಲು ತೋರಿಸಿದರು. ತಂತಿಯಲ್ಲಿ ಕರೆಂಟ್ ಹರಿಸಿದಾಗ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ತಿರುಗಿತು. ಒಂದೇ ತಂತಿಯ ಬಲ ಕಡಿಮೆ. ಸುರುಳಿ ಸುತ್ತಿದರೆ ಒಂದೊಂದು ಸುತ್ತಿನದ್ದೂ ಕೂಡಿ ಜೋರಾಗುತ್ತದೆ. ಇನ್ನು ಕಬ್ಬಿಣದೊಳಗೆ ಪುಟ್ಟ ಪುಟ್ಟ ವಲಯಗಳಿರುತ್ತವೆ, ಪ್ರತಿಯೊಂದೂ ಒಂದು ಅಯಸ್ಕಾಂತವೇ. ಸುಮ್ನೆ ಇದ್ದಾಗ ಅವು ದಿಕ್ಕಾಪಾಲಾಗಿ ಇರುವುದರಿಂದ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ. ಸುರುಳಿಯಲ್ಲಿ ಕರೆಂಟ್ ಹರಿದಾಗ ಎಲ್ಲವೂ ಒಂದೇ ಕಡೆ ಮುಖ ಮಾಡುತ್ತವೆ. ಮೊಳೆಯ ಬಲ ಬರುವುದು ಅಲ್ಲಿಂದ.

ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರ ಹೊತ್ತಿಗೇ ಇಂಥದ್ದನ್ನು ಮಾಡಿ ತೋರಿಸಿದ್ದರು. ಸುಮಾರು 200 ಗ್ರಾಂ ತೂಕದ, ಕುದುರೆ ಲಾಳದ ಆಕಾರದ ಅವರ ಕಬ್ಬಿಣ 4 ಕಿಲೋ ಎತ್ತಿತು. ಅವರು ಬಳಸಿದ್ದು ಬರಿ ತಂತಿ. ಹಾಗಾಗಿ ಸುತ್ತುಗಳನ್ನು ಒಂದಕ್ಕೊಂದು ತಾಗದಂತೆ ದೂರ ದೂರ ಸುತ್ತಬೇಕಿತ್ತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆ ಸುತ್ತಿ ಪದರದ ಮೇಲೆ ಪದರ ಹಾಕಿದರು. 1831ರಲ್ಲಿ ಅವರ ವಿದ್ಯುತ್ಕಾಂತ (ಕರೆಂಟ್ ಹರಿದಾಗ ಆಗುವ ಅಯಸ್ಕಾಂತ) 900 ಕಿಲೋಗೂ ಹೆಚ್ಚು ಎತ್ತಿತು. ನಿಮ್ಮ ತಂತಿಯ ಎನಾಮಲ್ ಮಾಡುತ್ತಿರುವುದು ಆ ರೇಷ್ಮೆಯ ಕೆಲಸವನ್ನೇ.

ಈಗ ಮೋಟಾರ್

ಮೊಳೆಯಿಂದ ತಂತಿ ಬಿಚ್ಚಿಕೊಳ್ಳಿ. ಸೆಲ್ಲಿನ ಮೈಗೇ ಹತ್ತು ಹದಿನೈದು ಸುತ್ತು ಸುತ್ತಿ, ಉಂಗುರದಂತಾದ ತಂತಿಯ ಸುರುಳಿಯನ್ನು ಜಾರಿಸಿ ತೆಗೆಯಿರಿ. ಎರಡೂ ಕಡೆ ನಾಲ್ಕೈದು ಸೆಂಟಿಮೀಟರ್ ತಂತಿ ಕೈಗಳಂತೆ ಚಾಚಿಕೊಂಡಿರಲಿ. ಆ ಕೈಗಳನ್ನೇ ಉಂಗುರಕ್ಕೆ ಎರಡು ಸುತ್ತು ಹಾಕಿ ಬಿಗಿದರೆ ಸುರುಳಿ ಸಡಿಲವಾಗುವುದಿಲ್ಲ. ಎರಡು ಕೈಗಳೂ ಒಂದೇ ಗೆರೆಯಲ್ಲಿ, ಉಂಗುರದ ಸರಿಯಾಗಿ ನಡುವಿನಿಂದ ಹೊರಟಿರಬೇಕು. ಇದರಲ್ಲಿ ಅವಸರ ಬೇಡ. ಸುರುಳಿ ಒಂದು ಕಡೆಗೆ ವಾಲಿದರೆ ಮೋಟಾರ್ ಓಡುವುದಿಲ್ಲ.

ಮುಂದಿನದು ಎಲ್ಲಕ್ಕಿಂತ ಮುಖ್ಯ. ಒಂದು ಕೈಯ ಎನಾಮಲ್ಲನ್ನು ಸುತ್ತಲೂ ಪೂರ್ತಿ ತೆಗೆಯಿರಿ. ಇನ್ನೊಂದು ಕೈಯನ್ನು ಮೇಜಿನ ಅಂಚಿನ ಮೇಲೆ ಮಲಗಿಸಿ, ಉಂಗುರ ನೆಟ್ಟಗೆ ನಿಂತಿರುವಂತೆ ಹಿಡಿದು, ತಂತಿಯ ಮೇಲ್ಭಾಗವನ್ನು ಮಾತ್ರ ಉಜ್ಜಿ. ಕೆಳಗಿನ ಅರ್ಧದಲ್ಲಿ ಎನಾಮಲ್ ಹಾಗೇ ಉಳಿಯಬೇಕು.

ಸೇಫ್ಟಿ ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೆ ಒಂದೊಂದರಂತೆ ನಿಲ್ಲಿಸಿ, ಟೇಪ್ ಹಾಕಿ ಬಿಗಿಯಿರಿ. ಪಿನ್ನಿನ ಸುರುಳಿ ಕಣ್ಣು ಮೇಲಿರಲಿ. ಸೆಲ್ಲಿನ ಬೆನ್ನ ಮೇಲೆ ಅಯಸ್ಕಾಂತವನ್ನು ಅಂಟಿಸಿ. ಸುರುಳಿಯ ಕೈಗಳನ್ನು ಎರಡು ಕಣ್ಣುಗಳಲ್ಲಿ ತೂರಿಸಿ. ಸುರುಳಿಗೂ ಅಯಸ್ಕಾಂತಕ್ಕೂ ಅರ್ಧ ಸೆಂಟಿಮೀಟರ್ ಜಾಗ ಇದ್ದರೆ ಒಳ್ಳೆಯದು. ಬೆರಳಿನಿಂದ ಮೆಲ್ಲಗೆ ತಟ್ಟಿ. ಗಿರಗಿರನೆ ತಿರುಗುತ್ತದೆ.

ತಿರುಗಲಿಲ್ಲವಾ? ಎದುರು ದಿಕ್ಕಿಗೆ ತಟ್ಟಿ. ಆಗಲೂ ಇಲ್ಲವೆಂದರೆ ಎನಾಮಲ್ ಇನ್ನೂ ಸರಿಯಾಗಿ ಹೋಗಿಲ್ಲ, ಇಲ್ಲವೇ ಕೈಗಳು ನೆಟ್ಟಗಿಲ್ಲ. ಬಹುತೇಕ ಈ ಎರಡರಲ್ಲೇ ಒಂದು ಕಾರಣ ಇರುತ್ತದೆ.

ಅರ್ಧ ಮಾತ್ರ ಉಜ್ಜಿದ್ದು ಯಾಕೆ?

ಕರೆಂಟ್ ಹರಿದಾಗ ಸುರುಳಿ ಒಂದು ಚಪ್ಪಟೆ ಅಯಸ್ಕಾಂತ ಆಗುತ್ತದೆ. ಒಂದು ಮುಖ ಉತ್ತರ, ಇನ್ನೊಂದು ದಕ್ಷಿಣ. ಕೆಳಗಿನ ಅಯಸ್ಕಾಂತ ತನಗೆ ವಿರುದ್ಧವಾದ ಧ್ರುವವನ್ನು ಎಳೆಯುತ್ತದೆ, ತನ್ನಂಥದ್ದನ್ನು ತಳ್ಳುತ್ತದೆ. ಸುರುಳಿ ತಿರುಗಿ, ಆ ಮುಖವನ್ನು ಕೆಳಗೆ ಮಾಡಿ ಮಲಗುತ್ತದೆ. ಕರೆಂಟ್ ಹಾಗೇ ಹರಿಯುತ್ತಿದ್ದರೆ ಅಲ್ಲೇ ಅಂಟಿ ನಿಂತುಬಿಡುತ್ತದೆ, ಅಷ್ಟೇ. ಆದರೆ ಸುರುಳಿ ಮಲಗುವ ಹೊತ್ತಿಗೆ ಎನಾಮಲ್ ಇರುವ ಅರ್ಧ ಪಿನ್ನಿನ ಮೇಲೆ ಬರುತ್ತದೆ. ಕರೆಂಟ್ ಕಡಿಯುತ್ತದೆ, ಹಿಡಿತ ಬಿಡುತ್ತದೆ. ಓಡಿದ ವೇಗದಲ್ಲೇ ಸುರುಳಿ ಉಳಿದ ಅರ್ಧ ಸುತ್ತು ದಾಟಿ ಬರುತ್ತದೆ. ಮತ್ತೆ ತಾಮ್ರ ತಾಗುತ್ತದೆ, ಮತ್ತೆ ಎಳೆತ. ಜೋಕಾಲಿ ತೂಗುವವರು ಒಮ್ಮೆ ತಳ್ಳಿ ಕೈ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಾ, ಹಾಗೆ. ಎಳೆಯುವ ಕೆಲಸ ಅಯಸ್ಕಾಂತದ್ದು. ಸರಿಯಾದ ಗಳಿಗೆಯಲ್ಲಿ ಬಿಡಿಸುವುದರಲ್ಲಿ ಮೋಟಾರಿನ ಜಾಣತನವೆಲ್ಲ ಇದೆ. ದೊಡ್ಡ ಮೋಟಾರುಗಳನ್ನೂ ಇದೇ ಕಣ್ಣಿನಿಂದ ನೋಡಬಹುದು.

ಆಟದ ಕಾರಿನ ಮೋಟಾರಿನಲ್ಲಿ ಕರೆಂಟನ್ನು ಬರೀ ಕಡಿಯುವುದಿಲ್ಲ, ಅದರ ದಿಕ್ಕನ್ನೇ ತಿರುಗಿಸುತ್ತಾರೆ. ಆಗ ಪೂರ್ತಿ ಸುತ್ತಿಗೂ ಎಳೆತ ಸಿಗುತ್ತದೆ. ಈ ಕೆಲಸ ಮಾಡುವ ಭಾಗವೇ ಕಮ್ಯುಟೇಟರ್. ಸುರುಳಿಗಳು ಮೂರು ಇರುವುದರಿಂದ ಎಲ್ಲಿ ನಿಂತರೂ ಯಾವುದಾದರೂ ಒಂದಕ್ಕೆ ಬಲ ಸಿಕ್ಕೇ ಸಿಗುತ್ತದೆ, ಬೆರಳಿನಿಂದ ತಟ್ಟಬೇಕಿಲ್ಲ.

ಮಿಕ್ಸಿಯಲ್ಲೂ ಕಮ್ಯುಟೇಟರ್ ಇದೆ, ಅದಕ್ಕೆ ಉಜ್ಜುವ ಕಾರ್ಬನ್ ಬ್ರಷ್ ಇದೆ. ಓಡುವಾಗ ಒಳಗೆ ಕಾಣುವ ನೀಲಿ ಕಿಡಿ ಅದರದ್ದೇ. ಅಲ್ಲಿ ಹೊರಗಿನ ಅಯಸ್ಕಾಂತವೂ ತಂತಿ ಸುತ್ತಿದ್ದೇ. ಮನೆಯ ಕರೆಂಟ್ ಸೆಕೆಂಡಿಗೆ 50 ಆವರ್ತ ಹಿಂದೆ ಮುಂದೆ ಹರಿದರೂ ಒಳಗಿನದು, ಹೊರಗಿನದು ಎರಡೂ ಒಟ್ಟಿಗೇ ಬದಲಾಗುತ್ತವೆ. ಹಾಗಾಗಿ ತಿರುಗುವ ದಿಕ್ಕು ಬದಲಾಗುವುದಿಲ್ಲ.

ಸೀಲಿಂಗ್ ಫ್ಯಾನಿನಲ್ಲಿ ಬ್ರಷ್ಷೂ ಇಲ್ಲ, ಕಿಡಿಯೂ ಇಲ್ಲ. ಒಳಗಿನ ಸುರುಳಿಗಳು ಅಲುಗಾಡದೆ ಕೂತಿರುತ್ತವೆ, ಹೊರಗಿನ ಕವಚ ತಿರುಗುತ್ತದೆ. ಎರಡು ಜೊತೆ ಸುರುಳಿಗಳಲ್ಲಿ ಒಂದರ ಕರೆಂಟಿನ ಏರಿಳಿತವನ್ನು ಕೆಪಾಸಿಟರ್ ಇನ್ನೊಂದಕ್ಕಿಂತ ಸ್ವಲ್ಪ ಮುಂದೆ ಮಾಡುವುದರಿಂದ ಕಾಂತಕ್ಷೇತ್ರವೇ ಸುತ್ತುತ್ತದೆ. ಕವಚ ಅದರ ಹಿಂದೆ ಓಡುತ್ತದೆ. ಸ್ವಿಚ್ ಹಾಕಿದಾಗ ಫ್ಯಾನ್ ಬರೀ ಗುಂಯ್‌ಗುಟ್ಟಿ, ತಳ್ಳಿದ ಮೇಲಷ್ಟೇ ತಿರುಗಿದರೆ ಕೆಪಾಸಿಟರ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಈಗಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನುಗಳಲ್ಲಿ ಅಯಸ್ಕಾಂತ ತಿರುಗುತ್ತದೆ, ಯಾವ ಸುರುಳಿಗೆ ಯಾವಾಗ ಕರೆಂಟ್ ಎಂದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಲೆಕ್ಕ ಹಾಕುತ್ತದೆ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ತಿಂದರೆ ಇದು ಸುಮಾರು 30 ವ್ಯಾಟ್‌ನಲ್ಲಿ ಅಷ್ಟೇ ಗಾಳಿ ಕೊಡುತ್ತದೆ.

ಇನ್ನೊಂದು ವಿಷಯ ಎಲ್ಲರೂ ತಿಳಿದಿರಬೇಕು. ತಾಮ್ರ ಪಿನ್ನಿಗೆ ತಾಗಿರುವಾಗ ನಿಮ್ಮ ಸುರುಳಿಯನ್ನು ಬೆರಳಿನಿಂದ ತಡೆದು ಹಿಡಿದರೆ ಅದು ಬೇಗ ಬಿಸಿಯಾಗುತ್ತದೆ. ತಿರುಗುವ ಮೋಟಾರ್ ತಾನೇ ಒಂದಿಷ್ಟು ವೋಲ್ಟೇಜ್ ಹುಟ್ಟಿಸಿ, ಒಳಬರುವ ಕರೆಂಟಿಗೆ ಎದುರು ನಿಲ್ಲುತ್ತದೆ. ನಿಂತ ಮೋಟಾರಿಗೆ ಆ ತಡೆ ಇಲ್ಲ, ಕರೆಂಟ್ ನುಗ್ಗುತ್ತದೆ. ಗಟ್ಟಿ ಹಿಟ್ಟಿಗೆ ಮಿಕ್ಸಿ ಸಿಕ್ಕಿಹಾಕಿಕೊಂಡಾಗ ಸುಟ್ಟ ವಾಸನೆ ಬರುವುದು, ಒಂದು ಫೇಸ್ ಹೋಗಿ ತಿರುಗಲಾರದೆ ನಿಂತ ಹೊಲದ ಪಂಪ್‌ಸೆಟ್ಟಿನ ಕಾಯಿಲ್ ಸುಡುವುದು, ಎರಡರಲ್ಲೂ ನಡೆಯುವುದು ಇದೇ. ಗುಂಯ್ ಅನ್ನುವ ಶಬ್ದ ಬಂದು ತಿರುಗದಿದ್ದರೆ ತಕ್ಷಣ ಸ್ವಿಚ್ ಆರಿಸಿ.

ಮೋಟಾರ್ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ ಅಂದೆವಲ್ಲ, ಅದನ್ನು ಕಣ್ಣಾರೆ ನೋಡಬಹುದು. ಆಟದ ಕಾರಿನ ಮೋಟಾರಿನ ಎರಡು ತಂತಿಗೆ ಒಂದು ಕೆಂಪು ಎಲ್‌ಇಡಿ ಜೋಡಿಸಿ. ದಂಡಕ್ಕೆ ದಾರ ಸುತ್ತಿ, ಬುಗುರಿಗೆ ಎಳೆದಂತೆ ಜೋರಾಗಿ ಎಳೆಯಿರಿ. ಎಲ್‌ಇಡಿ ಮಿನುಗುತ್ತದೆ. ಮಿನುಗದಿದ್ದರೆ ತಂತಿ ಅದಲುಬದಲು ಮಾಡಿ ಮತ್ತೆ ಎಳೆಯಿರಿ, ಎಲ್‌ಇಡಿ ಒಂದೇ ದಿಕ್ಕಿನ ಕರೆಂಟಿಗೆ ಉರಿಯುತ್ತದೆ. ಅದಕ್ಕೆ ಹತ್ತಿರಹತ್ತಿರ 2 ವೋಲ್ಟ್ ಬೇಕು, ಹಾಗಾಗಿ ದಾರ ಉದ್ದ ಇದ್ದಷ್ಟೂ, ಎಳೆತ ಜೋರಿದ್ದಷ್ಟೂ ಒಳ್ಳೆಯದು.