ಮೈಸೂರಲ್ಲಿ ಹಳೇ ಮಸ್ಟ್ಯಾಂಗ್ ಇಟ್ಕೊಂಡೋರಿಗೆ: ಮೊದ್ಲು ಬ್ರೇಕು, ಬಣ್ಣ ಆಮೇಲೆ

ಫೋರ್ಡ್ ಮಸ್ಟ್ಯಾಂಗ್ ಹೊರಗೆ ಬಂದಿದ್ದು 1964ರ ಏಪ್ರಿಲ್ 17ಕ್ಕೆ, ನಾನಿಲ್ಲಿ ಹೇಳ್ತಿರೋದು 65-66ರ ಕೂಪೆ ಬಗ್ಗೆ, 289 ಕ್ಯೂಬಿಕ್ ಇಂಚಿನ ವಿ8 ಇಂಜಿನ್ ಇರೋದು, ನಮ್ಮ ಲೆಕ್ಕದಲ್ಲಿ 4.7 ಲೀಟರ್. ಇಂಥ ಗಾಡಿ ಮನೆಗೆ ಬಂದ ತಕ್ಷಣ ಎಲ್ರೂ ಪೇಂಟಿಂಗು, ಸೀಟು, ಕ್ರೋಮು ಅಂತ ದುಡ್ಡು ಸುರೀತಾರೆ. ದಯವಿಟ್ಟು ಬೇಡಿ. ಬ್ರೇಕ್ ಒತ್ತಿದ್ರೆ ಗಾಡಿ ನಿಲ್ಬೇಕು, ಇಂಜಿನ್ ಕಾಯ್ಬಾರ್ದು, ಪೆಟ್ರೋಲ್ ಸೋರ್ಬಾರ್ದು, ಈ ಮೂರು ಆದ್ಮೇಲೆ ಮಿಕ್ಕಿದ್ದು.

ಬ್ರೇಕಿಂದ ಶುರು ಮಾಡಿ. ಈ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳೋದು) ಒಂದೇ ಸರ್ಕ್ಯೂಟು, ಯಾವ್ದೋ ಒಂದು ಚಕ್ರದ ವೀಲ್ ಸಿಲಿಂಡರ್ ಸೋರಿದ್ರೆ ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತೆ, ಪೆಡಲ್ಲು ಸೀದಾ ನೆಲಕ್ಕೆ. 67ರಲ್ಲಿ ಕಂಪ್ನಿಯವರೇ ಎರಡು ಸರ್ಕ್ಯೂಟಿಗೆ ಬದಲಾಯಿಸಿದ್ರು, ನೀವೂ ಅದನ್ನೇ ತರಿಸಿ ಹಾಕ್ಸಿ, ಆದ್ರೆ ನಾಲ್ಕೂ ಕಡೆ ಡ್ರಮ್ ಬ್ರೇಕ್ ಇದ್ರೆ ಡ್ರಮ್ಮಿಗೆ ಅಂತ ಇರೋ ಸಿಲಿಂಡರನ್ನೇ ತಗೊಳ್ಳಿ, ಡಿಸ್ಕಿಂದು ಬೇಡ. ಒರಿಜಿನಲ್ ಹೋಯ್ತಲ್ಲ ಅಂತ ಕೊರಗೋರು ಹಳೇದನ್ನ ಡಬ್ಬಿಲಿ ಎತ್ತಿಟ್ಕೊಳ್ಳಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಂದ್ಸಲ ಪೂರ್ತಿ ಬದಲಾಯಿಸ್ಬೇಕು, ಅದು ಗಾಳಿಯಿಂದ ನೀರು ಎಳ್ಕೊಳ್ಳುತ್ತೆ, ಆ ನೀರು ಒಳಗಿಂದ ತುಕ್ಕು ಹಿಡಿಸುತ್ತೆ. ಲೈನಿಂಗ್ ಸವೆದಂಗೆ ಡ್ರಮ್ ಬ್ರೇಕ್ ತಾನೇ ಅಡ್ಜಸ್ಟ್ ಆಗೋ ಥರ ಮಾಡಿದಾರೆ, ರಿವರ್ಸ್ ತಗೊಂಡು ಬ್ರೇಕ್ ಒತ್ತಿದಾಗ ಮಾತ್ರ ಅದು ಕೆಲ್ಸ ಮಾಡೋದು, ಹಾಗಾಗಿ ಪೆಡಲ್ ಕೆಳಗೆ ಹೋಗ್ತಿದೆ ಅನ್ಸಿದ್ರೆ ಖಾಲಿ ಜಾಗದಲ್ಲಿ ನಾಲ್ಕೈದು ಸಲ ಹಂಗೆ ಮಾಡಿ ನೋಡಿ. ಚಾಮುಂಡಿ ಬೆಟ್ಟ ಇಳಿಯುವಾಗ ಕೆಳಗಿನ ಗೇರಲ್ಲೇ ಇಳೀರಿ, ಡ್ರಮ್ ಕಾದ್ರೆ ಹಿಡಿಯೋದೇ ಇಲ್ಲ.

ಇನ್ನು ಇಂಜಿನ್ ಕಾಯೋದು. ಮಾರ್ಚ್-ಏಪ್ರಿಲ್ಲಲ್ಲಿ ದೇವರಾಜ ಅರಸು ರಸ್ತೆ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೆ ಟೆಂಪರೇಚರ್ ಮುಳ್ಳು ಏರೋದು ಕಣ್ಣಿಗೇ ಕಾಣುತ್ತೆ. ದಯವಿಟ್ಟು ಬೋರ್ ನೀರು ಹಾಕ್ಬೇಡಿ ಕಣ್ರೀ, ನಮ್ಮ ಕಡೆ ಬೋರ್ ನೀರಿನ ಗಡಸುತನಕ್ಕೆ ರೇಡಿಯೇಟರ್ ಒಳಗೆ ಬಿಳೀ ಪದರ ಕಟ್ಟುತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ್ಮೇಲೆ ರೇಡಿಯೇಟರಿಗೆ ನೀರು ಬಿಡೋ ವಾಲ್ವು) ಬಿಚ್ಚಿ ಎಸೀರಿ ಅನ್ನೋ ಮೆಕ್ಯಾನಿಕ್ ಮಾತು ಕೇಳ್ಬೇಡಿ. ಅದನ್ನ ನೀರಿನ ಪಾತ್ರೇಲಿ ಇಟ್ಟು ಕಾಯ್ಸಿ ನೋಡಿ, 180 ಫ್ಯಾರನ್‌ಹೀಟ್ ಅಂತ ಬರೆದಿದ್ರೆ ಸುಮಾರು 82 ಡಿಗ್ರಿ ಸೆಲ್ಸಿಯಸ್‌ಗೆ ಬಾಯಿ ಬಿಡಕ್ಕೆ ಶುರು ಮಾಡ್ಬೇಕು. ಬಿಡ್ಲಿಲ್ಲ ಅಂದ್ರೆ ಹೊಸದು ಹಾಕಿ. ಕೆಳಗಿನ ಹೋಸ್ ಪೈಪನ್ನೂ ನೋಡಿ, ಮೆತ್ತಗಾಗಿದ್ರೆ ಜೋರಾಗಿ ಓಡ್ಸುವಾಗ ಪಂಪು ಎಳೆಯೋ ರಭಸಕ್ಕೆ ಒಳಗೆ ಅಂಟ್ಕೊಂಡ್ಬಿಡುತ್ತೆ, ಊರೊಳಗೆ ಸರಿಯಾಗೇ ಇರುತ್ತೆ, ಬೆಂಗಳೂರು ಹೈವೇಲಿ ಮಾತ್ರ ಕಾಯುತ್ತೆ.

ಪೆಟ್ರೋಲು. ಈಗ ಬಂಕಲ್ಲಿ ಸಿಗೋದು 20% ಎಥನಾಲ್ ಇರೋದು, ಆ ಕಾಲದ ರಬ್ಬರಿಗೆ ಇದು ಗೊತ್ತೇ ಇಲ್ಲ, ಪೈಪು ಊದ್ಕೊಂಡು ಬಿರುಕು ಬಿಡುತ್ತೆ, ಪಂಪಿನ ಡಯಾಫ್ರಾಮು, ಕಾರ್ಬೋರೇಟರ್ ಒಳಗಿನ ಆಕ್ಸಲರೇಟರ್ ಪಂಪು ಎಲ್ಲಾ ಹಾಳು. ಹೋಸ್ ತಗೊಳ್ಳುವಾಗ ಮೇಲೆ ಜೆ30 ಆರ್9 (J30R9, ಎಥನಾಲ್ ತಡ್ಕೊಳ್ಳೋ ಹೋಸಿನ ಗುರುತು) ಅಂತ ಪ್ರಿಂಟ್ ಇದ್ಯಾ ನೋಡಿ. ಗಾಡಿ ತಿಂಗಳಾನುಗಟ್ಲೆ ನಿಲ್ಲೋದಾದ್ರೆ ಹಳೇ ಪೆಟ್ರೋಲ್ ಇಳಿಸ್ಬಿಡಿ, ಎಥನಾಲ್ ನೀರು ಹೀರ್ಕೊಂಡು ಟ್ಯಾಂಕ್ ತಳದಲ್ಲಿ ಬೇರೆಯಾಗಿ ಕೂತ್ಕೊಳ್ಳುತ್ತೆ. ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿ ನೆಲ, ಅದಕ್ಕೇ ಡಿಕ್ಕೀಲಿ ಪೆಟ್ರೋಲ್ ವಾಸನೆ ಬಂತು ಅಂದ್ರೆ ಉದಾಸೀನ ಮಾಡ್ಬೇಡಿ.

ಮಿಸ್ಸಿಂಗ್ ಹೊಡೀತಿದ್ರೆ ಕಾರ್ಬೋರೇಟರ್ ಬಿಚ್ಚೋ ಮುಂಚೆ ಸಿಬಿ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿಗೆ ಅಂತ ಕರೆಂಟ್ ಕಡಿಯೋ ಪಾಯಿಂಟು) ನೋಡಿ. ಗ್ಯಾಪ್ 0.017 ಇಂಚು, ಪ್ಲಗ್ 0.034 ಇಂಚು, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗೋ ಕ್ರಮ) 1-5-4-2-6-3-7-8. ಟೈಮಿಂಗ್, ಅಂದ್ರೆ ಕಿಡಿ ಹಾರೋ ಹೊತ್ತು, ಪಿಸ್ಟನ್ ಮೇಲೆ ತಲುಪೋಕೆ 6 ಡಿಗ್ರಿ ಮುಂಚೆ, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ ಆಮೇಲೇ ಟೈಮಿಂಗ್ ಲೈಟ್ ಹಿಡೀರಿ. ಇಂಜಿನ್ ಆಯಿಲ್ಲಲ್ಲಿ ಸವೆತ ತಡೆಯೋ ಜಿಂಕ್ ಇರೋದೇ ಬೇಕು, ಇದರದ್ದು ಕ್ಯಾಮ್ ಮೇಲೆ ನೇರ ಉಜ್ಜೋ ಫ್ಲಾಟ್ ಟ್ಯಾಪೆಟ್ಟು, ಹೊಸ ಕಾರಿನ ತೆಳ್ಳಗಿನ ಆಯಿಲ್ ಹಾಕಿದ್ರೆ ಕ್ಯಾಮ್ ಸವೆದೋಗುತ್ತೆ.

ಸ್ಪ್ಯಾನರ್ ವಿಷ್ಯ ಹೇಳ್ಲೇಬೇಕು. ಇದರ ಬೋಲ್ಟೆಲ್ಲಾ ಇಂಚಿನವು. 1/2 ಇಂಚು ಅಂದ್ರೆ 12.7 ಎಂಎಂ, ನಮ್ಮ ಗ್ಯಾರೇಜಲ್ಲಿ 13 ಹಾಕಿ ತಿರುಗಿಸ್ತಾರೆ, ತಲೆ ಸವೆದು ರೌಂಡ್ ಆಗೋಗುತ್ತೆ. 7/16, 1/2, 9/16 ಇರೋ ಸೆಟ್ ಒಂದು ನೀವೇ ತಗೊಂಡು ಡಿಕ್ಕೀಲಿ ಇಟ್ಕೊಳ್ಳಿ, ಬನ್ನಿಮಂಟಪದ ಕಡೆ ಕೆಲ್ಸಕ್ಕೆ ಬಿಟ್ರೂ ಅದನ್ನೇ ಕೈಗೆ ಕೊಡಿ.

ಮಳೆ ಬರೋ ಮುಂಚೆ ಮುಂದಿನ ಗಾಜಿನ ಕೆಳಗೆ ಗಾಳಿಗೆ ಅಂತ ಇರೋ ಜಾಲರಿ ಮೇಲೆ ನಿಧಾನಕ್ಕೆ ನೀರು ಸುರಿದು, ಇನ್ನೊಬ್ರನ್ನ ಒಳಗೆ ಟಾರ್ಚ್ ಹಿಡ್ಕೊಂಡು ಡ್ಯಾಶ್‌ಬೋರ್ಡ್ ಕೆಳಗೆ ನೋಡೋಕೆ ಹೇಳಿ. ಕಾಲ ಹತ್ರ ನೀರು ತೊಟ್ಟಿಕ್ತಾ ಇದ್ರೆ ಆ ಭಾಗ ಒಳಗೆ ತುಕ್ಕು ತಿಂದಿದೆ ಅಂತ, ನೆಲದ ತಗಡೂ ಹೋಗಿರುತ್ತೆ. ಗುಲ್‌ಮೊಹರ್ ಕೆಳಗೆ ನಿಲ್ಲಿಸೋರು ಆ ಜಾಲರಿಗೆ ಬಿದ್ದ ಎಲೆ ವಾರವಾರ ತೆಗೀರಿ, ಎಲೆ ಕೊಳೆತ್ರೆ ನೀರು ಹೋಗೋ ದಾರಿ ಕಟ್ಕೊಳ್ಳುತ್ತೆ. ಇದಕ್ಕೆ ಮೇಲಿಂದ ಸೀಲಂಟ್ ಬಳಿಯೋದು ತಾತ್ಕಾಲಿಕ ಅಷ್ಟೇ, ವೆಲ್ಡಿಂಗ್ ಬಿಚ್ಚಿ ತಗಡು ಬದಲಾಯಿಸೋ ಟಿಂಕರಿಂಗ್ ಕೆಲ್ಸ ಇದು, ಪೇಂಟಿಂಗ್ ಮುಂಚೆನೇ ಆಗ್ಬೇಕು.

ಹೆಡ್‌ಲೈಟ್ ಸುಲಭ. 7 ಇಂಚಿನ ರೌಂಡು, ನಮ್ಮ ಜೀಪು, ಅಂಬಾಸಿಡರ್ ಸೈಜೇ. ಅಮೆರಿಕದ್ದು ಡಿಪ್ಪಲ್ಲಿ ಬಲಕ್ಕೆ ಬೆಳಕು ಹೊಡೆಯುತ್ತೆ, ಎದುರು ಬರೋರ ಕಣ್ಣಿಗೆ, ಅದಕ್ಕೆ ಇಲ್ಲಿನದೇ ಹಾಕ್ಸಿ. ಹ್ಯಾಲೊಜೆನ್ ಆದ್ರೆ ರಿಲೇ ಸೇರಿಸಿ, ಹಳೇ ಸ್ವಿಚ್ಚು ಅಷ್ಟು ಕರೆಂಟ್ ತಡ್ಕೊಳ್ಳಲ್ಲ.