ಬೇರಿಂಗ್ ಗಾಡಿ ಕಟ್ಟುವ ಬಗೆ

1980–90ರ ದಶಕಗಳಲ್ಲಿ ಇಳಿಜಾರು ಟಾರು ರಸ್ತೆಯಿದ್ದ ಬೀದಿಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಬೇರಿಂಗುಗಳನ್ನೇ ಚಕ್ರ ಮಾಡಿ ಹಲಗೆಗೆ ಕಟ್ಟಿದ ಬೇರಿಂಗ್ ಗಾಡಿಯ ಗರಗರ ಸದ್ದು. ಹತ್ತಿದವರ ಮೊಣಕಾಲು ತರಚದೆ ಉಳಿದದ್ದು ಅಪರೂಪ. ದೊಡ್ಡವರು ವೇಗವನ್ನು ಬೈಯುತ್ತಿದ್ದರು. ಆದರೆ ಹೆಚ್ಚಿನ ಸಲ ತಪ್ಪು ಗಾಡಿ ಕಟ್ಟಿದ ರೀತಿಯಲ್ಲಿರುತ್ತಿತ್ತು.

ಮೊದಲು ಬೇರಿಂಗ್, ಅಂದರೆ ನಡುವೆ ಗುಂಡುಗಳಿರುವ, ಒಂದರೊಳಗೊಂದು ಕೂತ ಎರಡು ಉಕ್ಕಿನ ಬಳೆ. ಮೋಟಾರು ರಿಪೇರಿ ಅಂಗಡಿಯಲ್ಲೋ ಗುಜರಿಯಲ್ಲೋ 6206 ನಂಬರಿನ ನಾಲ್ಕು ಹುಡುಕಿ. ನಂಬರು ಬಳೆಯ ಅಂಚಿನಲ್ಲೇ ಇರುತ್ತದೆ. ಒಳತೂತು 30 ಮಿ.ಮೀ., ಹೊರ ಅಡ್ಡಳತೆ 62, ದಪ್ಪ 16. ಇದಕ್ಕಿಂತ ಚಿಕ್ಕದಾದರೆ ಅದರೊಳಗೆ ಕೂರುವ ಮರದ ತುದಿ ಸಣ್ಣದಾಗಿ ಮುರಿಯುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ಹಳೆ ಗ್ರೀಸು ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಬಿಡಿ. ತಿರುಗಿಸಿದಾಗ ತಡೆತಡೆದು ನಿಂತರೆ, ಒಳಬಳೆ ಲೊಡಲೊಡ ಅಲ್ಲಾಡಿದರೆ ಅದು ಬೇಡ.

ಕೂರುವ ಹಲಗೆ 3 ಅಡಿ ಉದ್ದ, 1 ಅಡಿ ಅಗಲ, 1 ಇಂಚು ದಪ್ಪ. ಅದರಡಿಗೆ 20 ಇಂಚು ಉದ್ದದ, ಒಂದೂವರೆ ಇಂಚು ಚೌಕದ ಎರಡು ಅಡ್ಡಪಟ್ಟಿ. ಜಾಲಿ ಮರ ಉತ್ತಮ. ಪ್ಯಾಕಿಂಗ್ ಪೆಟ್ಟಿಗೆಯ ಮರ ತಡೆಯುವುದಿಲ್ಲ. ತುದಿಯಲ್ಲಿ ಗಂಟು ಇರಬಾರದು. ಪಟ್ಟಿ 2 ಇಂಚು ದಪ್ಪವಿದ್ದರೆ ರಸ್ತೆಗೆ ಉಜ್ಜುತ್ತದೆ. ಒಂದೂವರೆ ಇಂಚಿಗೇ ಉಳಿಯುವ ಸಂದು 12 ಮಿ.ಮೀ. ಮಾತ್ರ.

ಪಟ್ಟಿಯ ಎರಡೂ ತುದಿಯನ್ನು 30 ಮಿ.ಮೀ. ಉದ್ದಕ್ಕೆ ಉಳಿಯಿಂದ ದುಂಡಗೆ ಕೆತ್ತಿ. ಬೇರಿಂಗ್ ಬಿಗಿಯಾಗಿ ಕೂರಬೇಕು. ಕೂರಿಸುವ ಮೊದಲು ತುದಿಗೆ ಗರಗಸದಿಂದ ಒಂದು ಸೀಳು ಹಾಕಿ. ಪೆಟ್ಟು ಒಳಬಳೆಯ ಮೇಲೇ ಬೀಳಲಿ. ಹೊರಬಳೆಗೆ ಹೊಡೆದರೆ ಗುಂಡುಗಳ ದಾರಿ ಹಾಳಾಗುತ್ತದೆ. ಆಮೇಲೆ ಸೀಳಿಗೆ ಬೆಣೆ ಹೊಡೆದರೆ ತುದಿ ಅಗಲವಾಗಿ ಬೇರಿಂಗ್ ಕಳಚುವುದಿಲ್ಲ. ಹಿಂದೆ ಇಲ್ಲಿ ಅಡ್ಡ ಮೊಳೆ ಹೊಡೆಯುತ್ತಿದ್ದರು. ಮರ ಸೀಳಿ, ಅರ್ಧ ಇಳಿಜಾರಿನಲ್ಲಿ ಚಕ್ರ ಹಾರಿಹೋಗುತ್ತಿದ್ದುದು ಅದಕ್ಕೇ.

ಹಿಂದಿನ ಪಟ್ಟಿಯನ್ನು ಎರಡು ಬೋಲ್ಟಿನಿಂದ ಬಿಗಿಯಿರಿ. ಬರೀ ಮೊಳೆ ಅದುರಿಗೆ ಸಡಿಲವಾಗುತ್ತದೆ. ಮುಂದಿನದನ್ನು ಹಲಗೆಯ ತುದಿಯಿಂದ 3 ಇಂಚು ಒಳಗೆ, ನಡುವಿನಲ್ಲಿ ಅರ್ಧ ಇಂಚಿನ ಒಂದೇ ಬೋಲ್ಟಿಗೆ ಸಿಕ್ಕಿಸಿ. ಹಲಗೆ, ಪಟ್ಟಿಗಳ ನಡುವೆ ಎಣ್ಣೆ ಸವರಿದ ವಾಷರ್ ಇರಲಿ. ಎಲ್ಲ ಬೋಲ್ಟುಗಳ ತಲೆ ಕೆಳಗಿರಲಿ, ಪಟ್ಟಿಯಲ್ಲಿ ಗುಳಿ ಕೊರೆದು ಅದರೊಳಗೆ ಮುಳುಗಿರಲಿ. ಹೊರಗಿದ್ದರೆ ರಸ್ತೆಗೆ ತಗಲುತ್ತದೆ. ಮೇಲೆ ಎರಡೆರಡು ನಟ್ಟು.

ಮುಂದಿನ ಪಟ್ಟಿ 40 ಡಿಗ್ರಿಯಷ್ಟು ತಿರುಗಿದರೆ ಹಿಂದಕ್ಕೆ ಬಂದ ಬೇರಿಂಗ್ ಹಲಗೆಯ ಅಂಚಿಗೆ ಸಿಕ್ಕಿ ಗಾಡಿ ಮಗುಚುತ್ತದೆ. 25 ಡಿಗ್ರಿಗೇ ತಡೆಯುವಂತೆ ಹಲಗೆಯಡಿ ಎರಡು ಮರದ ತುಂಡು ಬಡಿಯಿರಿ. ಈ ಎರಡು ತುಂಡುಗಳನ್ನು ಯಾರೂ ಹಾಕುತ್ತಿರಲಿಲ್ಲ.

ಬಲಬದಿಗೆ ಒಂದಡಿಯ ಸನ್ನೆಕೋಲು ಕಟ್ಟಿ, ತುದಿಗೆ ಹಳೆ ಟಯರಿನ ತುಂಡು ಬಡಿದರೆ ಬ್ರೇಕು. ಎಡಗೈಗೆ ಹಲಗೆಯ ನಡುವೆ ಹಗ್ಗದ ಹಿಡಿ ಇರಲಿ. ಅಂಚು ಹಿಡಿದವರ ಬೆರಳೇ ಬೇರಿಂಗಿಗೆ ಸಿಕ್ಕುತ್ತಿದ್ದುದು. ಪಾದ ಮುಂದಿನ ಪಟ್ಟಿಯ ಮೇಲೆ: ಎಡಗಾಲು ಒತ್ತಿದರೆ ಗಾಡಿ ಬಲಕ್ಕೆ.

ವಾಹನ ಬರದ, ನುಣುಪಾದ, ಕೊನೆಯಲ್ಲಿ ಸಮತಟ್ಟಾಗುವ ರಸ್ತೆಯನ್ನೇ ಆರಿಸಿ ಮೊದಲು ಗುಡಿಸಿ. ಇಷ್ಟು ಚಿಕ್ಕ ಚಕ್ರಕ್ಕೆ ಬೆರಳುಗಾತ್ರದ ಜಲ್ಲಿಯೂ ಗೋಡೆ. ಗಾಡಿ ನಿಲ್ಲುತ್ತದೆ, ಕೂತವರು ಮುಂದೆ ಹಾರುತ್ತಾರೆ. ಒದ್ದೆ ರಸ್ತೆಯಲ್ಲಿ ಉಕ್ಕು ಜಾರುತ್ತದೆ, ಮಳೆ ನಿಂತ ಕೂಡಲೇ ಇಳಿಸಬೇಡಿ. ಹೆಲ್ಮೆಟ್ಟು, ಬೂಟು ಬೇಕೇಬೇಕು. ಪ್ರತಿ ಸಲ ಇಳಿಸುವ ಮುನ್ನ ನಾಲ್ಕು ಬೆಣೆ, ನಡುವಿನ ನಟ್ಟು ಅಲ್ಲಾಡಿಸಿ ನೋಡಿ.